ಹದಿನೇಳನೆಯ ಚಮಚ

"ಅಮ್ಮಾ, ನಾನು. ನಾನೇ ಕಣಮ್ಮಾ" ಅಂದ.
ಹೆತ್ತವಳಲ್ಲ ನಾನು. ಆದರೂ ಕೇಳಿದೆ: ತೆತ್ಸುಜಿಯೇನೋ?
ಹೌದು ಅಂದ, ಒಂದು ಉಸಿರು ತಡವಾಗಿ.
ಹಾಗೆ ಎಪ್ಪತ್ತೆಂಟರಲ್ಲಿ,
ಒಲೆಯ ಮೇಲೆ ಕಪ್ಪು ಸೋಯಾ ಕಾಳು ಬೇಯುತ್ತಿರುವಾಗ
ನನಗೊಬ್ಬ ಮಗ ಹುಟ್ಟಿದ.
ನೆಗಡಿಯಂತೆ, ಅದಕ್ಕೇ ದನಿ ಬೇರೆ.
ಕಂಪನಿಯ ಬ್ಯಾಗು ರೈಲಿನಲ್ಲಿ ಮರೆತನಂತೆ,
ಸಂಜೆಯೊಳಗೆ ಇಪ್ಪತ್ತು ಲಕ್ಷ ಯೆನ್ ಬೇಕಂತೆ.

ಅಡುಗೆಮನೆಯ ಟೈಮರ್ ತಿರುಗಿಸಿದೆ.
ಕನ್ನಡಕ ಸಿಗುತ್ತಿಲ್ಲ ಇರು ಅಂದೆ,
ಅದು ಮೂಗಿನ ಮೇಲೇ ಇತ್ತು.
ಪಾಸ್‌ಬುಕ್ ತರುತ್ತೇನೆಂದು ಹೋಗಿ
ಕಾಳಿನ ನೊರೆ ತೆಗೆದು ಬಂದೆ.
ಊಟ ಆಯಿತಾ? ಚಿಕ್ಕವನಿದ್ದಾಗ ಬಿದ್ದು ಮಂಡಿಗೆ ಹಾಕಿಸಿದ ಹೊಲಿಗೆ
ಚಳಿಗೆ ಈಗಲೂ ಸೆಳೆಯುತ್ತದಾ?
ಸೆಳೆಯುತ್ತದೆ ಅಂದ ಪಾಪ,
ನಾನು ಆಗಷ್ಟೇ ಕೊಟ್ಟ ಗಾಯ.
ನಲವತ್ತೆರಡು ನಿಮಿಷ.

ಈ ತ್ಸುಬಾಮೆ ಊರಿನ ಚಮಚದ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಲೆಕ್ಕ ಬರೆದವಳು ನಾನು.
ಸೊರೊಬಾನ್ ಇನ್ನೂ ಕೈಗೆಟಕುವಲ್ಲೇ ಇದೆ.
ಒಂದು ಕರೆಗೆ ಮೂರು ನಿಮಿಷ ಹಿಡಿ,
ನಲವತ್ತೆರಡರಲ್ಲಿ ಹದಿನಾಲ್ಕು ಕರೆ, ಹದಿನಾಲ್ಕು ಮನೆ,
ಉಳಿಸಿದೆ, ಉಳಿಸಿದೆ ಎಂದವು ಮಣಿಗಳು ಟಕಟಕ.
ಆ ರಾತ್ರಿ ಒಂದು ಬಟ್ಟಲು ಸಾಕೆ ಹೆಚ್ಚೇ ಕುಡಿದೆ.

ಬೀದಿ ಕೊನೆಯ ಠಾಣೆಯ ಕುಮಾಕುರಾ,
ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ,
"ಮಾತಾಡಬೇಡಿ ಅಜ್ಜಿ, ಇಟ್ಟುಬಿಡಿ" ಅಂದ.
"ಆ ಕೋಣೆಯಲ್ಲಿ ಎಷ್ಟು ಜನ ಕೂತಿದ್ದಾರೋ,
ಕೋಣೆ ಯಾವ ದೇಶದ್ದೋ ನಮಗೇ ಗೊತ್ತಿಲ್ಲ."
ಗೊತ್ತಿಲ್ಲದ್ದಕ್ಕೆ ಸೊರೊಬಾನಿನಲ್ಲಿ ಮಣಿಯಿಲ್ಲ.

ಸಾವಿರ ಚಮಚಕ್ಕೆ ಹದಿನೇಳು ಕೆಡುತ್ತವೆಂದು
ವರ್ಷದ ಮೊದಲ ಪುಟದಲ್ಲೇ ಬರೆದಿಡುತ್ತಿದ್ದೆ.
ಕತ್ತು ಸೊಟ್ಟಗಾದವು, ಬಾಯಿ ಸೀಳಿದವು,
ಅವುಗಳ ಬೆಲೆಯೂ ಒಳ್ಳೆಯ ಚಮಚಗಳ ಬೆಲೆಯೊಳಗೇ
ಕರಗಿ ಕೂತಿರುತ್ತಿತ್ತು.
ಯಾವ ಯಜಮಾನನೂ ಹದಿನೇಳಕ್ಕಾಗಿ ಅತ್ತಿದ್ದು ಕಾಣೆ.
ಬೈಸಿಕೊಂಡದ್ದು ಅಚ್ಚಿನ ಮುಂದೆ ನಿಂತ ಹುಡುಗ.

ಮೂವತ್ತೆಂಟನೆಯ ನಿಮಿಷಕ್ಕೆ
ತೆತ್ಸುಜಿಯ ಹಿಂದೆ ಯಾರೋ ಮೇಜು ಗುದ್ದಿದರು.
ಅದನ್ನು ಯಾವ ಕಲಮಿನಲ್ಲಿ ಬರೆಯಲಿ?

ಆಮೇಲೆ ಒಂಬತ್ತು ದಿನ ಫೋನು ಸುಮ್ಮನಿತ್ತು.
ಗೆದ್ದೆ ಅಂದುಕೊಂಡೆ, ಒಂದಿಷ್ಟು ಬೇಜಾರೂ ಆಯಿತು.
ಹತ್ತನೆಯ ದಿನ, ಕಸದ ಚೀಲ ಇಡುವ ಮೂಲೆಯಲ್ಲಿ
ಇಗರಾಶಿ ಸಿಕ್ಕಳು.
"ನಿನ್ನೆ ಮೂರು ಸಲ ಬಂತು, ಯಾರೋ ಮೊಮ್ಮಗನಂತೆ"
ಅಂದಳು, ನಾಚಿಕೊಂಡು, ಒಳಗೊಳಗೇ ಹಿಗ್ಗಿ.

ಆಗ ಹೊಳೆಯಿತು.
ನನ್ನ ಹೆಸರಿಗೆ ಗೀಟು ಹೊಡೆದು
ಅವರು ಪಟ್ಟಿ ಚೊಕ್ಕ ಮಾಡಿಕೊಂಡಿದ್ದಾರೆ.
ಸೊಟ್ಟ ಚಮಚ ಯಾವುದೆಂದು ತೋರಿಸಿಕೊಟ್ಟವಳು ನಾನೇ,
ಬಿಟ್ಟಿ ಚಾಕರಿ, ನಲವತ್ತೆರಡು ನಿಮಿಷದ್ದು.
ಉಳಿದ ಅವರ ಹೊತ್ತೆಲ್ಲ
ನಂಬುವವರ ಬಾಗಿಲಿಗೆ ನೇರ ಹರಿಯುತ್ತಿದೆ.

ಈಗ ದಿನಾ ಹತ್ತು ಗಂಟೆಗೆ
ನಾನೇ ಇಗರಾಶಿಗೆ ಫೋನು ಹಚ್ಚುತ್ತೇನೆ.
ಏಕೆಂದು ಅವಳಿಗೆ ಹೇಳಿಲ್ಲ.
ಹತ್ತರಿಂದ ಹನ್ನೊಂದು
ಈ ಊರಿನ ಒಂದು ಲೈನು ಬಿಜಿ.
ಆ ಕೋಣೆಯಲ್ಲಿ ಯಾರ ಕಿವಿಗಾದರೂ
ಆ ಟುಂಯ್ ಟುಂಯ್ ಕೇಳುತ್ತಿರಬಹುದು, ಕೇಳದೆಯೂ ಇರಬಹುದು.
ಹನ್ನೊಂದರ ನಂತರದ ಲೆಕ್ಕ ನನ್ನ ಬಳಿ ಇಲ್ಲ.

ಸೊಸೆ ತಂದ ಮೂಲಂಗಿಯ ಕಥೆ ಇವತ್ತು ಐದನೇ ಸಲ.
ಕೊನೆಯಲ್ಲಿ ಆ ಮೂಲಂಗಿ ಟೊಳ್ಳು ಅಂತ ನನಗೆ ಗೊತ್ತು.
ಕಾಳು ತಳ ಹಿಡಿದ ವಾಸನೆ ಬರುತ್ತಿದೆ.
ಹೂಂ ಅನ್ನುತ್ತೇನೆ. ಆಮೇಲೆ? ಅನ್ನುತ್ತೇನೆ.