ಅತ್ತಿ ಮಲಗಿ ನೋಡಿದ ಖೋಲಿ

ಹಾಸ್ಟೆಲಿನ ಪಟ್ಟಿಯಲ್ಲಿ ನನ್ನ ಹೆಸರು ನಲವತ್ತೊಂದನೆಯದು,
ಮಂಚ ಇರುವುದು ಮೂವತ್ತಾರು.
ಐದು ಹುಡುಗಿಯರ ಲಗ್ನವಾದರೆ ನಿನಗೆ ಸೀಟು
ಎಂದು ನಕ್ಕ ಕಾರಕೂನ.
ಅತ್ತಿ ನಗಲಿಲ್ಲ.
ಸೆರಗಿನ ಗಂಟು ಒಮ್ಮೆ ಮುಟ್ಟಿ ನೋಡಿಕೊಂಡು
"ನಡಿ, ಕಲಬುರಗಿದಾಗ ಖೋಲಿಗೇನ್ ಬರ ಬಂದದ" ಅಂದಳು.

ಅತ್ತಿ ಭೀಮಬಾಯಿ ಶಹಾಬಾದದಲ್ಲಿ
ಪಾಲಿಶ್ ಮಷೀನಿನ ಮುಂದೆ ಇಪ್ಪತ್ತೆರಡು ವರ್ಷ ನಿಂತವಳು.
ಮನೆ ನೋಡುವಾಗ ಆಕೆ ಗೋಡೆ ನೋಡುವುದಿಲ್ಲ,
ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ನೆಲ ಬಡಿಯುತ್ತಾಳೆ
ಹಕೀಮ ನಾಡಿ ಹಿಡಿದ ಹಾಗೆ, ಕಣ್ಣು ಮುಚ್ಚಿ.

ಸೇಡಂ ರಸ್ತೆಯ ಮೊದಲ ಮನೆ:
ಒಂದು ಖೋಲಿಗೆ ಆರು ಕಬ್ಬಿಣದ ಮಂಚ,
ಕಿಟಕಿ ತೆರೆದರೆ ಇನ್ನೊಂದು ಕಿಟಕಿ,
ಅಲ್ಲಿ ಯಾರೋ ಹಲ್ಲುಜ್ಜುತ್ತಿದ್ದರು.
ಗೋಡೆಗೆ ಹದಿನಾಲ್ಕು ನಿಯಮದ ಬೋರ್ಡು.
ಏಳನೆಯದು: ಜೋರಾಗಿ ನಗಬಾರದು.
"ಟೈಲ್ಸ್" ಅಂದಳು ಅತ್ತಿ, ಅಷ್ಟೇ,
ಹಾಲಿಗೆ ನೀರು ಬೆರೆಸುವವನ ಹೆಸರು ಹೇಳಿದ ಹಾಗೆ.

ಎರಡನೆಯದು ಚೆಂದವಿತ್ತು. ಸುಳ್ಳು ಯಾಕೆ ಹೇಳಲಿ,
ಮನಸ್ಸಿನಲ್ಲೇ ನಾನಲ್ಲಿ ಮೇಜು ಇಟ್ಟಾಗಿತ್ತು,
ಮೇಜಿನ ಮೇಲೆ ರಸಾಯನಶಾಸ್ತ್ರದ ದಪ್ಪ ಪುಸ್ತಕ, ಪಕ್ಕಕ್ಕೊಂದು ತತ್ರಾಣಿ,
ಕಿಟಕಿಗೆ ಬೇವಿನ ನೆರಳು.
ಮನೆಯೊಡತಿ ಚಹಾದ ಮಾತೂ ಎತ್ತಿದ್ದಳು.
ಆಮೇಲೆ ಕೇಳಿದಳು, ಬಹಳ ಮೆತ್ತಗೆ,
"ನೀವು ಯಾವ ಪೈಕಿರಿ?"
ಅತ್ತಿ ಹೇಳಿದಳು, ಕಲ್ಲಿನ ಸೈಜು ಹೇಳುವ ದನಿಯಲ್ಲಿ.
ಒಳಗಿನಿಂದ ಗಂಡ ಕರೆದ. ಚಹಾ ಬರಲಿಲ್ಲ.
ಖೋಲಿ ನಿನ್ನೆಯೇ ಯಾರಿಗೋ ಕೊಟ್ಟಾಗಿದೆಯಂತೆ,
ಮರೆತಿದ್ದಳಂತೆ.

ಗೇಟಿನ ಹೊರಗೆ ಬಂದು ಅತ್ತಿ ಅಂದದ್ದು:
"ಛಲೋ ಕಲ್ಲಿತ್ತು. ಚಿತ್ತಾಪುರದ್ದು.
ಯಾರ ಕೈ ತಿಕ್ಕಿತ್ತೋ ಏನೋ."

ಹನ್ನೆರಡೂವರೆ. ಜೂನ್ ಮುಗಿಯಲಿಕ್ಕೆ ಬಂದರೂ ಮುಗಿಲಿಗೆ ಖಬರಿಲ್ಲ.
ಸೂಪರ್ ಮಾರ್ಕೆಟಿನ ಬಂಡಿಯಲ್ಲಿ ಒಂದು ಪ್ಲೇಟು ಸುಸಲಾ, ನಾಲ್ಕು ಮಿರ್ಚಿ.
ಬೆರಳಿನ ಎಣ್ಣೆಯನ್ನು ಅತ್ತಿ
ಹಾಸ್ಟೆಲ್ ಅರ್ಜಿಯ ಝೆರಾಕ್ಸಿಗೆ ಒರೆಸಿದಳು.
ನಾನು ತಡೆಯಲಿಲ್ಲ.

ಮಿರ್ಚಿ ಕರಿಯುವವನ ಅಕ್ಕನ ಮನೆಯಂತೆ ಮೂರನೆಯದು.
ಮಾಳಿಗೆಯ ಮೇಲೊಂದೇ ಖೋಲಿ,
ಹನ್ನೊಂದು ಮೆಟ್ಟಿಲು, ಕೊನೆಯದು ಮುರಿದಿದೆ,
ನಳ ದಿನ ಬಿಟ್ಟು ದಿನ, ಅದೂ ನಸುಕಿನ ನಾಲ್ಕಕ್ಕೆ.
"ಬ್ಯಾಸಗಿಗಿ ಹಂಚಿನಂಗ ಕಾಯ್ತದ, ಮೊದಲೇ ಹೇಳ್ತೀನಿ" ಅಂದರು ಖಮರುನ್ನೀಸಾ ಬೇಗಂ,
"ಹಿಂದಿನಾಕಿ ಕೆಳಗ ಅಂಗಳದಾಗ ಮಲಗ್ತಿದ್ದಳು, ನನ್ನ ಬಾಜೂಕ."

ಹಿಂದಿನಾಕಿ ಬಿಟ್ಟು ಹೋದದ್ದು
ಬಾಗಿಲ ಹಿಂದೆ ಪೆನ್ಸಿಲಿನಲ್ಲಿ ಹಾಲಿನ ಲೆಕ್ಕ.
ಮಾರ್ಚ್ ಒಂಬತ್ತರವರೆಗೆ ಗೀಟು, ಆಮೇಲೆ ಬರಿ ಕಟ್ಟಿಗೆ.
ಪಾಸಾದಳೋ, ನಡುವೇ ಬಿಟ್ಟಳೋ,
ಕೇಳಬೇಕೆನಿಸಿತು, ಕೇಳಲಿಲ್ಲ.

ಅತ್ತಿ ಹಿಮ್ಮಡಿ ಬಡಿದಳು. ಇನ್ನೊಮ್ಮೆ ಬಡಿದಳು.
ಆಮೇಲೆ ಯಾರನ್ನೂ ಕೇಳದೆ
ಖೋಲಿಯ ನಟ್ಟನಡುವೆ ಬರಿ ಕಲ್ಲಿನ ಮೇಲೆ ಮಲಗಿಯೇಬಿಟ್ಟಳು.
"ಕಿವಿ ಸುಳ್ಳ ಹೇಳ್ತದ. ಬೆನ್ನ ಹೇಳಲ್ಲ."

ನಾವಿಬ್ಬರೂ ನಿಂತೆವು,
ಬೇಗಮ್ಮರ ಕೈಯಲ್ಲಿ ಕೀಲಿ, ನನ್ನ ಕೈಯಲ್ಲಿ ಅತ್ತಿಯ ಚಪ್ಪಲಿ.
ಒಂದು ನಿಮಿಷ ಹೋಯಿತು. ಐದು ಹೋದವು.
ಗೊರಕೆ ಕೇಳಿಸಿತು.
ಬೇಗಂ ಫ್ಯಾನಿನ ಬಟನ್ ಒತ್ತಿ, ತುಟಿಗೆ ಬೆರಳಿಟ್ಟು,
ಮುರಿದ ಮೆಟ್ಟಿಲು ದಾಟಿ ಕೆಳಗಿಳಿದರು.

ಎದ್ದವಳೇ ಕಿರಾಯಿಗೆ ಜಗಳ ತೆಗೆದಳು.
ಎರಡು ಸಾವಿರದ ಇನ್ನೂರು, ಹದಿನೈದು ನೂರು,
ನಡುವೆ ಉರ್ದು, ಕನ್ನಡ, ಅಲ್ಲಾನ ಆಣೆ, ಮರಗಮ್ಮನ ಆಣೆ.
ನಾನು ನೆಲ ನೋಡುತ್ತಿದ್ದೆ.
ಅತ್ತಿಯ ಬೆವರು ಬೆನ್ನಿನಾಕಾರಕ್ಕೆ
ಕಲ್ಲಿನ ಮೇಲೆ ಕಪ್ಪಾಗಿ ಮೂಡಿತ್ತು,
ಅಂಚಿನಿಂದ ಆರುತ್ತ, ಸಣ್ಣದಾಗುತ್ತ.
ಮಾತು ಹದಿನೆಂಟು ನೂರಕ್ಕೆ ಬರುವ ಹೊತ್ತಿಗೆ
ಒಂದು ಭುಜ ಮಾತ್ರ ಉಳಿದಿತ್ತು.

ಹಾಸಿಗೆ ಅಲ್ಲೇ ಎಂದುಕೊಂಡೆ.
ಮೇಜಿಗೆ ಆಮೇಲೆ ನೋಡೋಣ.