ಏಳನೇ ಕಾರ್ಡು

ಹನ್ನೆರಡರಲ್ಲಿ ಹನ್ನೊಂದು ಸಿಕ್ಕಿದ್ದವು.
ಬಿಸ್ಕತ್ತಿನ ಡಬ್ಬಿಯಲ್ಲಿ, ಒಂದಕ್ಕೊಂದು ಅಂಟದಂತೆ
ನಡುವೆ ಬೆಣ್ಣೆಕಾಗದ ಹಾಸಿ ಇಟ್ಟಿದ್ದೇನೆ.
ಶುಭ್ರಾ ಗ್ಲಾಸ್ ಕಂಪನಿಯವರು
ಗಾಜಿನ ಬಟ್ಟಲು ಕೊಂಡವರಿಗೆ ಪುಕ್ಕಟೆ ಕೊಟ್ಟ ಅಡುಗೆ ಕಾರ್ಡು.
ಮುಂದೆ ಕೆಂಪುಗುರಿನ ಒಂದು ಕೈ, ಹಳದಿ ಪುಡಿಂಗು.
ಹಿಂದೆ ಮೂರು ಭಾಷೆಯಲ್ಲಿ ಮಾಡುವ ವಿಧಾನ.

ನಾಲ್ಕನೆಯದರ ಅಂಚಿಗೆ ಯಾರದೋ ಹಾಲಿನ ಲೆಕ್ಕ:
ಮಂಗಳವಾರ ಇಲ್ಲ, ಬುಧವಾರ ಅರ್ಧ.
ಒಂಬತ್ತರಲ್ಲಿ ಕ್ಯಾರೆಟ್ಟಿಗೆ ಮಗುವೊಂದು ಮೀಸೆ ಬರೆದಿದೆ.
ಹನ್ನೊಂದು, ಪೆನ್‌ಷನ್ ಮೊಹಲ್ಲಾದಲ್ಲಿ
ಹೊಲಿಗೆ ಮೆಷಿನ್ನು ಅಲುಗದಿರಲೆಂದು
ಕಾಲಡಿ ಮಡಿಸಿಟ್ಟಿದ್ದು.

ಗುಜರಿ ಮುನಾವರ್ ಕೇಳುತ್ತಾನೆ:
"ಮೊಟ್ಟೆ ತಿನ್ನಲ್ಲ, ಮನೇಲಿ ಓವನ್ ಇಲ್ಲ,
ಯಾಕೆ ಸಾರ್ ನಿಮಗೀ ಹುಚ್ಚು?"
ನಗುತ್ತೇನೆ. ಹೇಳಿಲ್ಲ ಅವನಿಗೆ,

ಆ ಕನ್ನಡ ನನ್ನದು.

ಕಟ್ಟಿನಕೆರೆ ಮಾರ್ಕೆಟ್ಟಿನ ಹತ್ತಿರ ಮೂಲಚಂದ ಸೇಟರ ಪಾತ್ರೆ ಅಂಗಡಿ.
ನಾನು ಹುಲ್ಲು ಬಿಡಿಸಿ ಗಾಜು ಎಣಿಸುವ ಹುಡುಗ,
ಎಸ್ಸೆಸ್ಸೆಲ್ಸಿ ಪಾಸು.
ಕಂಪನಿಯ ಏಜೆಂಟು ಇಂಗ್ಲಿಷ್ ಬರುತ್ತಾ ಅಂದ. ಬರುತ್ತೆ ಅಂದೆ.
ಕಾರ್ಡಿಗೆ ಎಂಟಾಣೆ.
ರಾತ್ರಿಯೆಲ್ಲ ಡಿಕ್ಷನರಿ ಹಿಡಿದು
'ಮೊಟ್ಟೆಗಳನ್ನು ಚೆನ್ನಾಗಿ ಹೊಡೆಯಿರಿ' ಎಂದು ಬರೆದೆ,
'ಕೆನೆಯನ್ನು ಚಾಟಿಯಿಂದ ಬಾರಿಸಿ' ಎಂದೂ.
ಏಳನೆಯದರಲ್ಲಿ ಓವನ್ ಬಂತು.
ಅಯ್ಯಂಗಾರ್ ಬೇಕರಿಯ ಬನ್ನು ತಿಂದಿದ್ದೆ,
ಅದು ಬೆಂದ ಜಾಗ ಕಂಡವನಲ್ಲ.
ಒಲೆ ಅಂದೆ.
'ಬಟ್ಟಲನ್ನು ಬಿಸಿ ಒಲೆಯೊಳಗೆ ನಲವತ್ತು ನಿಮಿಷ ಇಡಿ.'

ದುದ್ದದಿಂದ ಸಿಂಗಾರಮ್ಮ ಬಂದಳು,
ಚೀಟಿ ದುಡ್ಡಲ್ಲಿ ಕೊಂಡ ಬಟ್ಟಲು
ಸೆರಗಿನಲ್ಲಿ ಚೂರು ಚೂರು.
ಹೆಬ್ಬೆರಳಿಗೆ ಅರಿಶಿನ ಮೆತ್ತಿದ ಬಟ್ಟೆ.
"ಮಗಳ ಕೈಲಿ ಓದಿಸ್ಕಂಡೇ ಇಟ್ಟಿದ್ದು ಕಣಪ್ಪ,
ಅದ್ರಲ್ಲಿ ಬರ್ದಂಗೇ ಮಾಡಿದ್ದು."
ಒಡೆದ ಮಾಲು ವಾಪಸಿಲ್ಲ, ಸೇಟರು ಬೋರ್ಡು ತೋರಿಸಿದರು.
ನಾನು ಹುಲ್ಲಿನೊಳಗೆ ಕೈಯಿಟ್ಟು ಲೋಟ ಎಣಿಸುತ್ತಲೇ ಇದ್ದೆ,
ಮೂವತ್ತೊಂದು, ಮೂವತ್ತೊಂದು, ಮೂವತ್ತೊಂದು.

ಅವತ್ತು ರಾತ್ರಿ ಗೋದಾಮಿನ ಏಳನೇ ಕಾರ್ಡೆಲ್ಲ ಆಯ್ದು ತಂದು
ಬಚ್ಚಲ ಒಲೆಗೆ ಹಾಕಿದೆ.
ಒಲೆಗೇ.
ಅಷ್ಟರಲ್ಲಿ ಮಾರಿಹೋದದ್ದು ಎಷ್ಟೋ.

ನಿನ್ನೆ ಮುನಾವರ್ ಫೋನು: ಸಾಲಗಾಮೆ ರಸ್ತೆಯಲ್ಲಿ
ತೀರಿಹೋದ ಟೈಪಿಂಗ್ ಟೀಚರೊಬ್ಬರ ಮನೆ ಖಾಲಿ ಮಾಡಿದ್ದಾರೆ,
ಕಾಗದದ ಒಂದು ಕಟ್ಟಿದೆ, ಬನ್ನಿ.

ಇತ್ತು.
ಎಣ್ಣೆ ಕುಡಿದ ಮೂಲೆಯಾಚೆ ನನ್ನ ಬೆರಳು ಕಾಣುತ್ತಿತ್ತು.
'ಒಲೆಯೊಳಗೆ' ಎಂಬುದಕ್ಕೆ ಪೆನ್ಸಿಲ್ಲಿನ ಗೆರೆ,
ಮೇಲೆ ದುಂಡಕ್ಷರ: ಇಡ್ಲಿ ಪಾತ್ರೆಯೊಳಗೆ.
ನಲವತ್ತನ್ನು ಇಪ್ಪತ್ತೈದು ಮಾಡಿದ್ದಾರೆ.
ಕೆಳಗೆ: ಬಂತು. ಸಕ್ಕರೆ ಹೆಚ್ಚು.

ಅಷ್ಟೇ. ಯಾರನ್ನೂ ಬೈದಿಲ್ಲ.

ಮುನಾವರ್ ಐವತ್ತು ಕೇಳಿದ, ಚೌಕಾಸಿ ಮಾಡದೆ ಕೊಟ್ಟೆ.
ಅವನಿಗೇ ಗಾಬರಿ.
ಸ್ಟ್ಯಾಂಡಿನಲ್ಲಿ ದುದ್ದದ ಬಸ್ಸು ಹೊರಟಿತ್ತು,
ಹತ್ತಲಿಲ್ಲ; ಹತ್ತಿ ಏನೆಂದು ಕೇಳಲಿ, ಯಾರನ್ನು?

ಡಬ್ಬಿಗಿನ್ನೂ ಹಾಕಿಲ್ಲ. ಮೇಜಿನ ಮೇಲಿದೆ.
ಹಾಲು, ಎರಡು ಮೊಟ್ಟೆ ತಂದಿಟ್ಟಿದ್ದೇನೆ.
ಇಡ್ಲಿ ಪಾತ್ರೆಯಲ್ಲಿ ನೀರು ಕುದಿಯುತ್ತಿದೆ.
ಸಕ್ಕರೆ ಎಷ್ಟು ಕಮ್ಮಿ ಮಾಡಬೇಕೋ,
ಟೀಚರು ಬರೆದಿಲ್ಲ.