ಕುಂತು ಮಾತಾಡು

ಗುತ್ಯಪ್ಪ ಮೇಷ್ಟ್ರು ಮೂವತ್ತೊಂದು ವರ್ಷ
ಈ ಕಾಲೇಜಿನ ಪ್ರಿನ್ಸಿಪಾಲರು.
ಭದ್ರಾವತಿಯ ಕಾರ್ಖಾನೆ ಬಿಟ್ಟುಕೊಟ್ಟ ಗೋದಾಮು,
ಹದಿನೇಳು ಹುಡುಗರು, ಒಬ್ಬಳು ಹುಡುಗಿ,
ಗುಡಿಸಿದಷ್ಟೂ ಏಳುವ ಅದಿರಿನ ಪುಡಿ.
ಪಾಠ ಮುಗಿಸಿ ಎದ್ದರೆ ಎಲ್ಲರ ಅಂಡೂ ಕೆಂಪು.
ಊರು ನಗುತ್ತಿತ್ತು: ಕೇರಿಯ ಕಾಲೇಜು ಬಂತು ನೋಡು.

ಅವರ ಕೋಣೆಯಲ್ಲಿ ಎಂಟು ಕುರ್ಚಿ,
ಒಂದಕ್ಕೊಂದು ಜೋಡಿಯಿಲ್ಲ.
ಒಂದು ಕೋರ್ಟಿನ ಹರಾಜಿನದು,
ಒಂದು ಕ್ಷೌರದಂಗಡಿಯದು, ಕೂತರೆ ತಿರುಗುತ್ತಿತ್ತು.
ಫೀಸು ಕಟ್ಟದವನ ಅಪ್ಪ ಬಾಗಿಲಲ್ಲೇ ಚಪ್ಪಲಿ ಬಿಟ್ಟು
ಗೋಡೆಗೆ ಅಂಟಿ ನಿಂತರೆ
ತಲೆಯೆತ್ತದೆ ಅನ್ನುವರು: ಕುಂತು ಮಾತಾಡು.
ಕುಂತ ಮೇಲೇ ಪೆನ್ನಿನ ಮುಚ್ಚಳ ತೆಗೆಯುವರು.

ಸೊರಬದ ಕಡೆ ಒಂದು ಶಾಲೆಯ ಕಿಟಕಿಯಾಚೆ
ನಾಲ್ಕನೇ ಕ್ಲಾಸಿನವರೆಗೂ ನಿಂತೇ ಓದಿದವರಂತೆ.
ಇದು ಅವರು ಹೇಳಿದ್ದಲ್ಲ,
ಅಟೆಂಡರ್ ಚೌಡಮ್ಮ ಹೇಳಿದ್ದು,
ಅವರು ಮೊಣಕಾಲು ಹಿಡಿದು ಮೆಟ್ಟಿಲಿಳಿಯುವುದನ್ನು ನೋಡುತ್ತ.

ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ.
ಎಂಬತ್ತಾರರಲ್ಲಿ ಹಾಸ್ಟೆಲಿನ ಅನ್ನದಲ್ಲಿ ಹುಳ ಬಂದಾಗ
ತಮಟೆ ಕಟ್ಟಿಕೊಂಡು ಗೇಟಿನಲ್ಲಿ ಕೂಗಿದವನು ನಾನೇ:
ಬೆನ್ನಿಲ್ಲದ ಗುತ್ಯಪ್ಪನಿಗೆ ಧಿಕ್ಕಾರ!
ಅಕ್ಕಿ ಕಳಿಸಿದ್ದು ಮಿಲ್ಲಿನ ಓಂಕಾರಪ್ಪನವರು,
ಕಮಿಟಿಯ ಅಧ್ಯಕ್ಷರು;
ಅವರ ಕಾರು ಬಂದರೆ ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಳ್ಳುತ್ತ
ಓಡಿಹೋಗಿ ಬಾಗಿಲು ತೆಗೆಯುತ್ತಿದ್ದರು.
ಆ ಬಾಗಿದ ಬೆನ್ನನ್ನು ನಾವು
ಗೋಡೆಯ ಮೇಲೆ ಇದ್ದಿಲಲ್ಲಿ ಬರೆದೆವು.
ಚೆನ್ನಾಗಿಯೇ ಬಂದಿತ್ತು.

ಹದಿನೈದು ದಿನ ಸಸ್ಪೆಂಡ್.
ಕುಂತು ಮಾತಾಡು ಅಂದರು. ನಾನು ಕೂರಲಿಲ್ಲ.
ಸರಿ ಹಾಗಾದರೆ, ಅಂದು ತಾವೂ ಎದ್ದು ನಿಂತರು.
ಕಾರ್ಖಾನೆಯ ಎರಡು ಗಂಟೆಯ ಸೈರನ್ ಆಯಿತು, ನಿಂತಿತು,
ನಾವಿಬ್ಬರೂ ಹಾಗೇ.
ಮೊದಲು ಹೊರಟವನು ನಾನು.
ಹಾಲ್ ಟಿಕೆಟ್ಟು ಚೌಡಮ್ಮನ ಸೆರಗಿನ ಗಂಟಲ್ಲಿ ಮನೆಗೆ ಬಂತು.
ಅಕ್ಕಿಯೂ ಬದಲಾಯಿತು. ಹೇಗೆ ಅಂತ ಯಾರೂ ಹೇಳಲಿಲ್ಲ.
ಗೆದ್ದೆವು ಅಂದುಕೊಂಡೆವು.

ಈಗ ಸೈರನ್ ಇಲ್ಲ, ಮೇಷ್ಟ್ರೂ ಇಲ್ಲ.
ನಾನು ಇನ್‌ಚಾರ್ಜ್.
ಬೀರುವಿನಲ್ಲಿ ಅವರ ಕಾಗದಗಳ ಕಾರ್ಬನ್ ಪ್ರತಿ,
ಎಲ್ಲವೂ 'ತಮ್ಮ ಪಾದಗಳಿಗೆರಗಿ' ಎಂದೇ ಶುರು.
ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಲೆಕ್ಕ:
ಲ್ಯಾಬಿಗೆ ಆರು ಬರ್ನರ್,
ಹುಡುಗಿಯರ ಪಾಯಿಖಾನೆಗೆ ತಗಡು,
ಅಕ್ಕಿ, ಮತ್ತೆ ಅಕ್ಕಿ.
ಎಂಬತ್ತಾರರ ಒಂದರಲ್ಲಿ 'ಟಿ.ಸಿ. ಕೊಟ್ಟು ಕಳಿಸಿ' ಎಂಬ ಕಮಿಟಿ ಠರಾವಿಗೆ ಉತ್ತರ:
ಹದಿನೈದು ದಿನ ಸಾಕು.
ಹುಡುಗನ ಹೆಸರು ಬರೆದಿಲ್ಲ.

ಇವತ್ತು ಬೆಳಿಗ್ಗೆ ಓಂಕಾರಪ್ಪನವರ ಮೊಮ್ಮಗನಿಗೆ ಫೋನು ಮಾಡಿದೆ,
ಲೈಬ್ರರಿಯ ಮಾಡು ಸೋರುತ್ತಿದೆ.
ನಮಸ್ಕಾರ ಸಾರ್, ಅನ್ನುವಾಗ
ಕೋಣೆಯಲ್ಲಿ ಯಾರೂ ಇರಲಿಲ್ಲ,
ಆದರೂ ಎದ್ದು ನಿಂತಿದ್ದೆ.
ಕೈ ತಾನಾಗಿ ಹುಡುಕುತ್ತಿತ್ತು
ಹಾಕಿರದ ಕೋಟಿನ ಗುಂಡಿ.

ತಿರುಗಿದರೆ ಬಾಗಿಲಲ್ಲಿ ಒಬ್ಬಳು ಹುಡುಗಿ,
ಕೈಯಲ್ಲಿ ಮಡಚಿದ ದೂರು.
ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.
ಎಂಟರಲ್ಲಿ ಉಳಿದಿರುವುದು ಕ್ಷೌರದಂಗಡಿಯದೊಂದೇ,
ಅದನ್ನು ಅವಳ ಕಡೆಗೆ ತಿರುಗಿಸಿದೆ.
ಅವಳು ಕೂರಲಿಲ್ಲ.